ಬಳ್ಳಾರಿಯಿಂದ ಗೋಲ್ಡ್ ಸ್ಟೇಟಸ್: ಅಗ್ಗದ ಬಿಸಿನೆಸ್ ಕ್ಲಾಸ್ ಟಿಕೆಟ್‌ನ ಲೆಕ್ಕಾಚಾರ

ವರ್ಷಕ್ಕೆ ಮೂರು ನಾಲ್ಕು ಸಲ ವಿದೇಶಕ್ಕೆ ಹೋಗಿಬರುವವರು ನಮ್ಮ ಕಡೆ ಈಗ ಕಡಿಮೆಯೇನಿಲ್ಲ. ಬಳ್ಳಾರಿಯ ಜೀನ್ಸ್ ಉದ್ಯಮದವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಇಂಜಿನಿಯರುಗಳು, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕರು, ಮಗನೋ ಮಗಳೋ ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರು. ಇವರಲ್ಲಿ ಬಹಳ ಜನ ಪ್ರತಿ ಸಲ ಯಾವುದು ಅಗ್ಗವೋ ಆ ಎಕಾನಮಿ ಟಿಕೆಟ್ ತಗೊಳ್ಳುತ್ತಾರೆ. ಒಂದು ಸಲ ಒಂದು ಕಂಪನಿ, ಮುಂದಿನ ಸಲ ಇನ್ನೊಂದು. ವರ್ಷದ ಕೊನೆಗೆ ನೋಡಿದರೆ ಐದು ಕಂಪನಿಗಳಲ್ಲಿ ಚೂರುಪಾರು ಮೈಲುಗಳು, ಅಂದರೆ ಹಾರಿದ್ದಕ್ಕೆ ಕಂಪನಿ ನಮ್ಮ ಖಾತೆಗೆ ಹಾಕುವ ಅಂಕಗಳು. ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಅದೇ ಓಡಾಟವನ್ನು ಒಂದೇ ಕಡೆ ಕೂಡಿಸಿ, ನಡುವೆ ಒಂದೋ ಎರಡೋ ಅಗ್ಗದ ಬಿಸಿನೆಸ್ ಕ್ಲಾಸ್ ಟಿಕೆಟ್ ಸೇರಿಸಿದರೆ ಗೋಲ್ಡ್ ಸ್ಟೇಟಸ್, ಅಂದರೆ ವಿಮಾನ ಕಂಪನಿ ತನ್ನಲ್ಲಿ ಪದೇಪದೇ ಹಾರುವವರಿಗೆ ಕೊಡುವ ಮೇಲಿನ ದರ್ಜೆ, ಕೈಗೆ ಬರಬಹುದು. ಅದನ್ನು ಹೇಗೆ ಮಾಡುವುದು, ಯಾವಾಗ ಮಾಡಬಾರದು ಅನ್ನುವುದೇ ಈ ಲೇಖನ. ಮಾಡಬಾರದ ಸಂದರ್ಭಗಳೇ ಜಾಸ್ತಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಮೈಲು ಬೇರೆ, ಸ್ಟೇಟಸ್ ಬೇರೆ

ವಿಮಾನ ಕಂಪನಿಯ ಸದಸ್ಯತ್ವ ಖಾತೆಯಲ್ಲಿ ಎರಡು ಲೆಕ್ಕ ನಡೆಯುತ್ತವೆ. ಒಂದು, ಖರ್ಚು ಮಾಡುವ ಮೈಲುಗಳು. ಇವುಗಳಿಂದ ಟಿಕೆಟ್ ಕೊಳ್ಳಬಹುದು, ಕ್ರೆಡಿಟ್ ಕಾರ್ಡ್‌ನಿಂದಲೂ ಇವು ಬರುತ್ತವೆ. ಇನ್ನೊಂದು, ನಿಮ್ಮ ದರ್ಜೆಯನ್ನು ತೀರ್ಮಾನಿಸುವ ಅಂಕಗಳು. ಕಂಪನಿಗೊಂದು ಹೆಸರು: ಸಿಂಗಪುರ ಏರ್‌ಲೈನ್ಸ್‌ನಲ್ಲಿ ಎಲೈಟ್ ಮೈಲು, ಕತಾರ್ ಏರ್‌ವೇಸ್‌ನಲ್ಲಿ ಕ್ಯೂ ಪಾಯಿಂಟ್, ಬ್ರಿಟಿಷ್ ಏರ್‌ವೇಸ್ ಮತ್ತು ಏರ್ ಇಂಡಿಯಾದಲ್ಲಿ ಟೈರ್ ಪಾಯಿಂಟ್. ಇವು ಮುಖ್ಯವಾಗಿ ವಿಮಾನದಲ್ಲಿ ಕೂತು ಹಾರಿದರೆ ಬರುತ್ತವೆ. ಮೈಲು ಕೊಟ್ಟು ತಗೊಂಡ ಟಿಕೆಟ್‌ಗೆ ಸಾಮಾನ್ಯವಾಗಿ ಈ ಅಂಕ ಸಿಗುವುದಿಲ್ಲ.

ಈ ಅಂಕ ಇಷ್ಟಾದರೆ ಸಿಲ್ವರ್, ಇಷ್ಟಾದರೆ ಗೋಲ್ಡ್. ಗೋಲ್ಡ್ ಆದವರಿಗೆ ಏನು ಸಿಗುತ್ತದೆ? ಹಲವು ವಿಮಾನ ಕಂಪನಿಗಳು ಸೇರಿ ಕಟ್ಟಿಕೊಂಡ ಸ್ಟಾರ್ ಅಲೈಯನ್ಸ್ ಕೂಟದ ಗೋಲ್ಡ್ ತಗೊಳ್ಳಿ. ಎಕಾನಮಿ ಟಿಕೆಟ್ ಇದ್ದರೂ ಲೌಂಜ್ (ನಿಲ್ದಾಣದೊಳಗೆ ಕೂತು ತಿಂಡಿ ಕಾಫಿ ಮಾಡುವ ಬೇರೆ ಕೋಣೆ) ಪ್ರವೇಶ, ಜೊತೆಗೆ ಒಬ್ಬ ಅತಿಥಿ. ಬೇರೆ ಚೆಕ್ ಇನ್ ಸಾಲು. ಮೊದಲು ಹತ್ತುವ ಅವಕಾಶ. ತೂಕದ ಲೆಕ್ಕ ಇರುವ ಕಡೆ 20 ಕೆಜಿ ಹೆಚ್ಚುವರಿ ಲಗೇಜ್, ಪೆಟ್ಟಿಗೆ ಲೆಕ್ಕ ಇರುವ ಕಡೆ ಒಂದು ಪೆಟ್ಟಿಗೆ ಜಾಸ್ತಿ. ಮಗಳ ಮನೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗುವವರಿಗೆ ಈ ಕೊನೆಯದೇ ದೊಡ್ಡ ಲಾಭ. ಸ್ಟಾರ್ ಅಲೈಯನ್ಸ್ ಸಿಲ್ವರ್‌ನಲ್ಲಿ ಮಾತ್ರ ಇಂಥದ್ದು ಏನೂ ಇಲ್ಲ. ವೇಟಿಂಗ್ ಲಿಸ್ಟ್‌ನಲ್ಲಿ ಸ್ವಲ್ಪ ಮುಂದೆ, ಅಷ್ಟೇ. ಆದ್ದರಿಂದ ಆ ಸಿಲ್ವರ್‌ಗಾಗಿ ಒಂದು ರೂಪಾಯಿಯೂ ಹೆಚ್ಚಿಗೆ ಖರ್ಚು ಮಾಡಬೇಡಿ.

ಹೆಜ್ಜೆ 1: ನಿಮಗೆ ಇದು ಬೇಕಾ ನೋಡಿ

ಇಲ್ಲೊಂದು ವಿಚಿತ್ರ ಇದೆ. ಬಿಸಿನೆಸ್ ಕ್ಲಾಸ್ ಟಿಕೆಟ್‌ನಲ್ಲೇ ಲೌಂಜ್, ಬೇರೆ ಸಾಲು, ಹೆಚ್ಚು ಲಗೇಜ್ ಸೇರಿರುತ್ತವೆ. (ತೀರಾ ಅಗ್ಗದ ಕೆಲವು ಬಿಸಿನೆಸ್ ಟಿಕೆಟ್‌ಗಳಲ್ಲಿ ಲೌಂಜ್ ಕಿತ್ತುಹಾಕುವ ಕಂಪನಿಗಳೂ ಇವೆ. ಕೊಳ್ಳುವ ಮೊದಲು ಓದಿ.) ಅಂದಮೇಲೆ ಯಾವಾಗಲೂ ಬಿಸಿನೆಸ್‌ನಲ್ಲೇ ಹಾರುವವರಿಗೆ ಗೋಲ್ಡ್ ಕಾರ್ಡಿನಿಂದ ಹೆಚ್ಚೇನು ಸಿಗದು. ವರ್ಷಕ್ಕೊಮ್ಮೆ ಎಕಾನಮಿಯಲ್ಲಿ ಹಾರುವವರಿಗೂ ಅದು ದಂಡ. ಲಾಭ ಇರುವುದು ನಡುವಿನವರಿಗೆ. ಅಂದರೆ ವರ್ಷದಲ್ಲಿ ಹಲವು ಸಲ ಎಕಾನಮಿಯಲ್ಲಿ ಹಾರಲೇಬೇಕಾದವರಿಗೆ. ಒಂದೆರಡು ಬಿಸಿನೆಸ್ ಟಿಕೆಟ್ ಕೊಂಡು ದರ್ಜೆ ಗಳಿಸಿ, ಉಳಿದ ಎಕಾನಮಿ ಪ್ರಯಾಣಗಳಲ್ಲಿ ಅದರ ಫಲ ಉಣ್ಣುವುದು. ಇಡೀ ಆಟದ ತಿರುಳು ಇಷ್ಟೇ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಕ್ರೆಡಿಟ್ ಕಾರ್ಡ್‌ನಲ್ಲೇ ಲೌಂಜ್ ಇದೆಯಾ? ಇದ್ದರೆ, ಬರೀ ಲೌಂಜ್‌ನ ಉಪ್ಪಿಟ್ಟು ಕಾಫಿಗಾಗಿ ಲಕ್ಷಗಟ್ಟಲೆ ಹಾಕುವುದರಲ್ಲಿ ಅರ್ಥವಿಲ್ಲ ಅಲ್ವಾ? ಆದರೆ ಬ್ಯಾಂಕುಗಳು ಈಗ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದರೆ ಮಾತ್ರ ಲೌಂಜ್ ಅಂತ ಷರತ್ತು ಹಾಕುತ್ತಿವೆ. ವಿದೇಶದ ಲೌಂಜ್‌ಗಳಲ್ಲಿ ಎಷ್ಟೋ ಕಾರ್ಡ್‌ಗಳು ನಡೆಯುವುದೇ ಇಲ್ಲ. ಅದನ್ನು ಲೆಕ್ಕಕ್ಕೆ ತಗೊಳ್ಳಿ.

ಹೆಜ್ಜೆ 2: ಒಂದು ಕೂಟ, ಒಂದು ಖಾತೆ

ಲೋಕದಲ್ಲಿ ಮೂರು ದೊಡ್ಡ ವಿಮಾನ ಕೂಟಗಳಿವೆ. ಸ್ಟಾರ್ ಅಲೈಯನ್ಸ್ 1997ರಲ್ಲಿ, ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಹುಟ್ಟಿದವು. ಒಂದು ಕಂಪನಿಯಲ್ಲಿ ಗಳಿಸಿದ ದರ್ಜೆ ಅದೇ ಕೂಟದ ಬೇರೆ ಕಂಪನಿಗಳಲ್ಲೂ ನಡೆಯುತ್ತದೆ. ಅದಕ್ಕೇ ಕೂಟ ನೋಡಿ ಆಯ್ಕೆ ಮಾಡಬೇಕು.

ನಮಗೆ ಸಿಗುವ ದೊಡ್ಡ ವಿಮಾನ ನಿಲ್ದಾಣಗಳು ಎರಡು: ಬೆಂಗಳೂರು, ಹೈದರಾಬಾದ್. ಸ್ಟಾರ್ ಅಲೈಯನ್ಸ್‌ನಲ್ಲಿ ಏರ್ ಇಂಡಿಯಾ (2014ರ ಜುಲೈನಲ್ಲಿ ಸೇರಿತು), ಸಿಂಗಪುರ ಏರ್‌ಲೈನ್ಸ್, ಲುಫ್ತಾನ್ಸಾ, ಥಾಯ್ ಇವೆ. ಒನ್‌ವರ್ಲ್ಡ್‌ನಲ್ಲಿ ಕತಾರ್, ಬ್ರಿಟಿಷ್ ಏರ್‌ವೇಸ್, ಶ್ರೀಲಂಕನ್, ಮಲೇಷ್ಯಾ ಏರ್‌ಲೈನ್ಸ್, ಜಪಾನ್ ಏರ್‌ಲೈನ್ಸ್. ಸ್ಕೈಟೀಮ್ ಅಂದರೆ ನಮಗೆ ಹೆಚ್ಚಾಗಿ ಕೆಎಲ್‌ಎಂ ಮತ್ತು ಏರ್ ಫ್ರಾನ್ಸ್. ಎಮಿರೇಟ್ಸ್, ಎತಿಹಾದ್, ಇಂಡಿಗೋ ಯಾವ ಕೂಟದಲ್ಲೂ ಇಲ್ಲ. ದುಬೈಗೆ ಮಾತ್ರ ಓಡಾಡುವವರಿಗೆ ಎಮಿರೇಟ್ಸ್ ಸಾಕು, ಬೇರೆಯವರಿಗೆ ಅದರ ಗೋಲ್ಡ್ ಕಾರ್ಡ್ ಬೇರೆ ಕಡೆ ಅಷ್ಟಾಗಿ ಓಡುವುದಿಲ್ಲ.

ತೋರಣಗಲ್ಲು ಹತ್ತಿರದ ನಮ್ಮ ವಿದ್ಯಾನಗರ ವಿಮಾನ ನಿಲ್ದಾಣದ ಮಾತು ಬಂದಾಗ ಕೆಲವರು ಸ್ಟಾರ್ ಏರ್ ಹೆಸರು ಕೇಳಿ ಗೊಂದಲ ಮಾಡಿಕೊಳ್ಳುತ್ತಾರೆ. ಆ ಕಂಪನಿಯ ಕೆಲವು ಎಂಬ್ರೇಯರ್ ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಸೀಟುಗಳಿವೆ, ನಿಜ. ಆದರೆ ಸ್ಟಾರ್ ಏರ್‌ಗೂ ಸ್ಟಾರ್ ಅಲೈಯನ್ಸ್‌ಗೂ ಸಂಬಂಧವಿಲ್ಲ. ಅದರಲ್ಲಿ ಹಾರಿದರೆ ಸ್ಟಾರ್ ಅಲೈಯನ್ಸ್ ಅಂಕ ಬರುವುದಿಲ್ಲ.

ನಿಮ್ಮ ಮುಂದಿನ ಎರಡು ವರ್ಷದ ಓಡಾಟ ಎಲ್ಲಿಗೆ ಅಂತ ಬರೆದುಕೊಳ್ಳಿ. ಪೂರ್ವಕ್ಕೆ ಜಾಸ್ತಿಯಾ, ಪಶ್ಚಿಮಕ್ಕೆ ಜಾಸ್ತಿಯಾ? ಅದನ್ನು ನೋಡಿ ಕೂಟ ಆರಿಸಿ. ಆಮೇಲೆ ಆ ಕೂಟದೊಳಗೆ ಯಾವ ಕಂಪನಿಯ ಖಾತೆ ಅನ್ನುವುದು ಬೇರೆ ಪ್ರಶ್ನೆ. ಏರ್ ಇಂಡಿಯಾದಲ್ಲೇ ಹಾರುತ್ತೀರಿ ಅಂದಮಾತ್ರಕ್ಕೆ ಏರ್ ಇಂಡಿಯಾ ಖಾತೆಯೇ ಆಗಬೇಕಿಲ್ಲ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಸದಸ್ಯತ್ವದ ಸಂಖ್ಯೆ ಕೊಟ್ಟು ಏರ್ ಇಂಡಿಯಾದಲ್ಲಿ ಹಾರಬಹುದು. ಅಂಕ ಅಲ್ಲಿಗೆ ಹೋಗುತ್ತದೆ.

ಹೆಜ್ಜೆ 3: ಅಂಕ ಹೇಗೆ ಎಣಿಸುತ್ತಾರೆ ಅಂತ ತಿಳಿದುಕೊಳ್ಳಿ

ಈ ಹೆಜ್ಜೆಯಲ್ಲಿ ಅವಸರ ಮಾಡಬೇಡಿ. ದುಡ್ಡು ಉಳಿಯುವುದೂ ಇಲ್ಲೇ, ಹೋಗುವುದೂ ಇಲ್ಲೇ.

ಎಣಿಸುವ ರೀತಿ ಮುಖ್ಯವಾಗಿ ಎರಡು. ಒಂದು, ದೂರ ಮತ್ತು ಕ್ಲಾಸ್ ನೋಡಿ ಅಂಕ ಕೊಡುವುದು. ಇನ್ನೊಂದು, ನೀವು ಕೊಟ್ಟ ದುಡ್ಡು ನೋಡಿ ಅಂಕ ಕೊಡುವುದು. ಅಗ್ಗದ ಬಿಸಿನೆಸ್ ಕ್ಲಾಸ್ ಉಪಾಯ ನಡೆಯುವುದು ಮೊದಲನೆಯದರಲ್ಲಿ ಮಾತ್ರ. ಎರಡನೆಯದರಲ್ಲಿ ಟಿಕೆಟ್ ಅಗ್ಗವಾದಷ್ಟೂ ಅಂಕ ಕಡಿಮೆ. ಉಪಾಯಕ್ಕೆ ಜಾಗವೇ ಇಲ್ಲ.

ಬ್ರಿಟಿಷ್ ಏರ್‌ವೇಸ್ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಅಲ್ಲಿ ಸಿಲ್ವರ್‌ಗೆ 600 ಟೈರ್ ಪಾಯಿಂಟ್, ಗೋಲ್ಡ್‌ಗೆ 1,500. ಎರಡು ಸಾವಿರ ಮೈಲಿಗಿಂತ ದೂರದ ಬಿಸಿನೆಸ್ ಪ್ರಯಾಣಕ್ಕೆ ಒಂದು ಹಾರಾಟಕ್ಕೆ 140 ಪಾಯಿಂಟ್. ಹಾಗಾಗಿ ಜನ ಲಂಡನ್ನಿನಿಂದ ದೋಹಾ, ದೋಹಾದಿಂದ ಆಗ್ನೇಯ ಏಷ್ಯಾ ಅಂತ ಕತಾರ್ ಏರ್‌ವೇಸ್‌ನ ಅಗ್ಗದ ಬಿಸಿನೆಸ್ ಟಿಕೆಟ್ ಹುಡುಕುತ್ತಿದ್ದರು. ಹೋಗಿ ಬರಲು ನಾಲ್ಕು ಹಾರಾಟ, 560 ಪಾಯಿಂಟ್. ಒಂದೇ ಪ್ರವಾಸದಲ್ಲಿ ಸಿಲ್ವರ್ ಬಾಗಿಲಿಗೆ. 2025ರ ಏಪ್ರಿಲ್ 1ರಿಂದ ಕಂಪನಿ ಆ ಬಾಗಿಲು ಮುಚ್ಚಿತು. ಈಗ ಒಂದು ಪೌಂಡ್ ಖರ್ಚಿಗೆ ಒಂದು ಪಾಯಿಂಟ್. ಬ್ರಾಂಜ್‌ಗೆ 3,500, ಸಿಲ್ವರ್‌ಗೆ 7,500, ಗೋಲ್ಡ್‌ಗೆ 20,000. ಏರ್ ಇಂಡಿಯಾ ಕೂಡ ಅದಕ್ಕೆ ಒಂದು ವರ್ಷ ಮೊದಲೇ, 2024ರಲ್ಲಿ, ಖರ್ಚಿನ ಲೆಕ್ಕಕ್ಕೆ ತಿರುಗಿತು. ಅದರ ಕಾರ್ಯಕ್ರಮದ ಹೆಸರು ಈಗ ಮಹಾರಾಜ ಕ್ಲಬ್.

ಹಾಗಾಗಿ ಹಳೆಯ ವಿಡಿಯೊ, ಹಳೆಯ ಸಲಹೆ ನೋಡಿ ಟಿಕೆಟ್ ಕೊಳ್ಳಬೇಡಿ. ಈ ಲೇಖನದ ಅಂಕಿಗಳನ್ನೂ ಕೊಳ್ಳುವ ದಿನ ಕಂಪನಿಯ ತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ದೂರದ ಲೆಕ್ಕ ಇಟ್ಟುಕೊಂಡವರಲ್ಲಿ ನಮಗೆ ಹತ್ತಿರದ್ದು ಕ್ರಿಸ್‌ಫ್ಲೈಯರ್. 12 ತಿಂಗಳಲ್ಲಿ 25,000 ಎಲೈಟ್ ಮೈಲು ಆದರೆ ಸಿಲ್ವರ್, 50,000 ಆದರೆ ಗೋಲ್ಡ್. ಈ ಗೋಲ್ಡ್ ಅಂದರೆ ಸ್ಟಾರ್ ಅಲೈಯನ್ಸ್ ಗೋಲ್ಡ್. ಕತಾರ್‌ನ ಪ್ರಿವಿಲೇಜ್ ಕ್ಲಬ್‌ನಲ್ಲಿ ಸಿಲ್ವರ್‌ಗೆ 150 ಕ್ಯೂ ಪಾಯಿಂಟ್, ಗೋಲ್ಡ್‌ಗೆ 300, ಪ್ಲಾಟಿನಂಗೆ 600. ಅಲ್ಲಿಯ ಗೋಲ್ಡ್ ಒನ್‌ವರ್ಲ್ಡ್ ಕೂಟದಲ್ಲಿ ಸಫೈರ್ ಆಗುತ್ತದೆ. ಲೌಂಜ್ ಶುರುವಾಗುವುದು ಆ ಮಟ್ಟದಿಂದ.

ಖಾತೆ ತೆರೆಯುವ ಮೊದಲು ಇನ್ನೆರಡು ವಿಷಯ ಹುಡುಕಿ. ಕಂಪನಿಯ ಸ್ವಂತ ವಿಮಾನದಲ್ಲಿ ಇಂತಿಷ್ಟು ಸಲ ಹಾರಲೇಬೇಕು ಅನ್ನುವ ಷರತ್ತು ಇದೆಯಾ? ವರ್ಷ ಯಾವಾಗ ಶುರುವಾಗುತ್ತದೆ? ಬ್ರಿಟಿಷ್ ಏರ್‌ವೇಸ್‌ನಲ್ಲಿ ಏಪ್ರಿಲ್‌ನಿಂದ ಮಾರ್ಚ್. ಬೇರೆಯವರಲ್ಲಿ ಜನವರಿಯಿಂದ ಡಿಸೆಂಬರ್ ಇರಬಹುದು, ಇಲ್ಲವೇ ನೀವು ಸೇರಿದ ದಿನದಿಂದ 12 ತಿಂಗಳು ಇರಬಹುದು. ತಿಂಗಳ ತಪ್ಪು ಲೆಕ್ಕದಿಂದ ಕೊನೆಯ ಪ್ರಯಾಣ ಮುಂದಿನ ವರ್ಷಕ್ಕೆ ಜಾರಿದರೆ ಮೊದಲಿನದೆಲ್ಲ ನೀರುಪಾಲು.

ಹೆಜ್ಜೆ 4: ಟಿಕೆಟ್‌ನ ಅಕ್ಷರ ಓದಿ

ಬಿಸಿನೆಸ್ ಕ್ಲಾಸ್ ಸೀಟು ಒಂದೇ ಆದರೂ ಟಿಕೆಟ್ ಒಂದೇ ಅಲ್ಲ. ಪ್ರತಿ ಟಿಕೆಟ್‌ಗೂ ಒಂದು ಅಕ್ಷರದ ಬುಕಿಂಗ್ ಕ್ಲಾಸ್ ಇರುತ್ತದೆ. ಬಿಸಿನೆಸ್‌ನಲ್ಲಿ ಸಾಮಾನ್ಯವಾಗಿ ಜೆ, ಸಿ, ಡಿ, ಝಡ್, ಐ, ಪಿ ಇಂಥವು. ಜೆ ಅಂದರೆ ಪೂರ್ತಿ ದರ. ಕೆಳಗಿನವು ರಿಯಾಯಿತಿ ದರ. ಯಾವ ಅಕ್ಷರ ಎಷ್ಟು ಅಗ್ಗ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸಿಂಧನೂರಿನ ಅಂಗಡಿಯಲ್ಲಿ ಸೋನಾ ಮಸೂರಿ ಅನ್ನುವ ಒಂದೇ ಹೆಸರಿನಡಿ ಹಲವು ಗ್ರೇಡ್, ಹಲವು ದರ ಇರುವ ಹಾಗೆಯೇ ಇದು.

ಈ ಅಕ್ಷರಕ್ಕೆ ಎಷ್ಟು ಪ್ರತಿಶತ ಅಂಕ ಅಂತ ಪ್ರತಿ ಕಾರ್ಯಕ್ರಮದಲ್ಲೂ ಪಟ್ಟಿ ಇರುತ್ತದೆ. ಕೆಳಗಿನ ಅಕ್ಷರದ ಎಕಾನಮಿ ಟಿಕೆಟ್‌ಗೆ ದೂರದ ಅರ್ಧವೋ ಅದಕ್ಕಿಂತ ಕಡಿಮೆಯೋ ಸಿಗಬಹುದು, ಕೆಲವಕ್ಕೆ ಸೊನ್ನೆ. ಬಿಸಿನೆಸ್‌ಗೆ ಸಾಮಾನ್ಯವಾಗಿ ನೂರು ಪ್ರತಿಶತ, ಇಲ್ಲವೇ ಅದಕ್ಕಿಂತ ಹೆಚ್ಚು. ವಿಮಾನ ಹಾರಿಸುವ ಕಂಪನಿ ಯಾವುದು, ಅಂಕ ಬೀಳುವ ಖಾತೆ ಯಾವುದು, ಅಕ್ಷರ ಯಾವುದು, ಈ ಮೂರೂ ಸೇರಿದ ಸಾಲನ್ನು ಪಟ್ಟಿಯಲ್ಲಿ ಹುಡುಕಿ ಓದಿ. ಸುಮ್ನೆ ಬಿಸಿನೆಸ್ ಅಂತ ನೋಡಿ ಮುಂದೆ ಹೋಗಬೇಡಿ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಸಂಗತಿ ಒಂದಿದೆ. ಎಕಾನಮಿ ಟಿಕೆಟ್ ಕೊಂಡು, ಆಮೇಲೆ ಹರಾಜು ಕೂಗಿ ಬಿಸಿನೆಸ್‌ಗೆ ಏರಿಸಿಕೊಂಡರೆ ಸೀಟು ಬಿಸಿನೆಸ್‌ನದು, ಅಂಕ ಮಾತ್ರ ಸಾಮಾನ್ಯವಾಗಿ ಹಳೆಯ ಎಕಾನಮಿ ಅಕ್ಷರದ್ದೇ. ಮಲಗಿಕೊಂಡು ಹೋಗಲು ಅದು ಸರಿ. ಸ್ಟೇಟಸ್‌ಗೆ ಅಲ್ಲ.

ಹೆಜ್ಜೆ 5: ಒಂದು ಅಂಕಕ್ಕೆ ಎಷ್ಟು ರೂಪಾಯಿ?

ಗಂಗಾವತಿಯ ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಕ್ರಿಸ್‌ಫ್ಲೈಯರ್ ಖಾತೆಯಲ್ಲಿ ಈ ವರ್ಷ 38,000 ಎಲೈಟ್ ಮೈಲು ಆಗಿದೆ. ಗೋಲ್ಡ್‌ಗೆ ಇನ್ನು 12,000 ಬೇಕು. ಬಿಸಿನೆಸ್ ಟಿಕೆಟ್‌ಗೆ ದೂರದ 125 ಪ್ರತಿಶತ ಸಿಗುತ್ತದೆ ಅಂತ ಹಿಡಿಯೋಣ. ಕೆಳಗಿನ ಟಿಕೆಟ್ ದರಗಳೂ ಲೆಕ್ಕ ತೋರಿಸಲು ಇಟ್ಟುಕೊಂಡವು ಮಾತ್ರ.

ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು 1,970 ಮೈಲಿ. ಹೋಗಿ ಬಂದರೆ 3,940. ಅದರ 125 ಪ್ರತಿಶತ 4,925. ಇದರಿಂದ 12,000 ದಾಟಲು ಮೂರು ಸಲ ಹೋಗಿಬರಬೇಕು. ಒಂದು ಟಿಕೆಟ್ 75,000 ರೂಪಾಯಿ ಆದರೆ ಒಟ್ಟು 2,25,000. ಬರುವುದು 14,775 ಮೈಲು. ಒಂದು ಎಲೈಟ್ ಮೈಲಿಗೆ 15 ರೂಪಾಯಿ ಮೇಲೆ.

ಈಗ ಅದೇ ಟಿಕೆಟನ್ನು ಸಿಂಗಪುರ ದಾಟಿಸಿ ಟೋಕಿಯೋವರೆಗೆ ಉದ್ದ ಮಾಡಿ. ಸಿಂಗಪುರದಿಂದ ಟೋಕಿಯೋಗೆ ಸುಮಾರು 3,300 ಮೈಲಿ. ಒಟ್ಟು ಹೋಗಿ ಬರಲು 10,540. ಅದರ 125 ಪ್ರತಿಶತ 13,175. ಒಂದೇ ಪ್ರವಾಸದಲ್ಲಿ ಮುಗಿಯಿತು. ಟಿಕೆಟ್ 1,60,000 ಆದರೂ ಒಂದು ಎಲೈಟ್ ಮೈಲಿಗೆ ಸುಮಾರು 12 ರೂಪಾಯಿ. ಒಟ್ಟು ಖರ್ಚಿನಲ್ಲಿ 65,000 ಉಳಿತಾಯ, ಎರಡು ಪ್ರಯಾಣದ ದಣಿವೂ ಉಳಿಯಿತು. ದೂರದ ಲೆಕ್ಕ ಇರುವ ಕಡೆ ಬಳಸು ದಾರಿ, ಒಂದೇ ಟಿಕೆಟ್‌ನಲ್ಲಿ ನಾಲ್ಕು ಹಾರಾಟ, ಇವು ಲಾಭ ಅನ್ನುವುದು ಇದರಿಂದಲೇ.

ಇದೇ ವ್ಯಾಪಾರಿಯ ಖಾತೆಯಲ್ಲಿ 8,000 ಮಾತ್ರ ಇದ್ದರೆ? 42,000 ಮೈಲು ಕೊಳ್ಳಬೇಕು. ಹನ್ನೆರಡು ರೂಪಾಯಿಯಂತೆ ಐದು ಲಕ್ಷ ದಾಟುತ್ತದೆ. ಆ ದುಡ್ಡಿಗೆ ಬೇಕಾದಾಗ ಹೆಚ್ಚುವರಿ ಲಗೇಜ್ ಕೊಳ್ಳಬಹುದು, ಲೌಂಜ್‌ಗೆ ದುಡ್ಡು ಕೊಟ್ಟು ಹೋಗಬಹುದು, ಆದರೂ ಮಿಕ್ಕುತ್ತದೆ. ನನ್ನ ಮಾತು ಕೇಳುವುದಾದರೆ, ಬೇಕಾದ ಅಂಕಗಳಲ್ಲಿ ಮೂರರಲ್ಲಿ ಎರಡು ಪಾಲು ನಿಮ್ಮ ಕೆಲಸದ ಓಡಾಟದಿಂದಲೇ ಬಂದಿದ್ದರೆ ಮಾತ್ರ ಉಳಿದದ್ದನ್ನು ಕೊಳ್ಳಿ. ಸಾಲ ಮಾಡಿ, ಇಎಂಐ ಹಾಕಿಸಿ ಸ್ಟೇಟಸ್ ಗಳಿಸುವುದಂತೂ ಬೇಡವೇ ಬೇಡ.

ಹೆಜ್ಜೆ 6: ಅಗ್ಗದ ದರ ಹುಡುಕುವುದು

ಗೂಗಲ್ ಫ್ಲೈಟ್ಸ್‌ನಲ್ಲಿ ಬಿಸಿನೆಸ್ ಅಂತ ಆರಿಸಿ, ತಾರೀಖಿನ ಕ್ಯಾಲೆಂಡರ್ ತೆರೆದು ಎರಡು ಮೂರು ತಿಂಗಳ ದರ ಒಟ್ಟಿಗೆ ನೋಡಿ. ದರ ಇಳಿದರೆ ಮೇಲ್ ಬರುವ ಹಾಗೆ ಸೂಚನೆ ಹಾಕಿಡಿ. ಐಟಿಎ ಮ್ಯಾಟ್ರಿಕ್ಸ್ ಅನ್ನುವ ತಾಣ ಟಿಕೆಟ್ ಮಾರುವುದಿಲ್ಲ, ಆದರೆ ಬುಕಿಂಗ್ ಕ್ಲಾಸಿನ ಅಕ್ಷರವನ್ನೂ ತೋರಿಸುತ್ತದೆ. ನಮಗೆ ಬೇಕಾಗಿರುವುದು ಅದೇ.

ದರ ಇಳಿಸುವ ಸಂಗತಿಗಳು ಕೆಲವಿವೆ. ಒಂದು ಕಡೆಯ ಟಿಕೆಟ್‌ಗಿಂತ ಹೋಗಿಬರುವ ಟಿಕೆಟ್ ಎಷ್ಟೋ ಸಲ ಅಗ್ಗ. ನಡುವೆ ಶನಿವಾರದ ರಾತ್ರಿ ಅಲ್ಲೇ ಇದ್ದರೆ ಕೆಲವು ದರಗಳು ಇಳಿಯುತ್ತವೆ, ಯಾಕಂದರೆ ಕಂಪನಿ ಖರ್ಚಿನಲ್ಲಿ ಹೋಗುವವರು ಶನಿವಾರದೊಳಗೆ ಮನೆಗೆ ಬರಲು ನೋಡುತ್ತಾರೆ, ಅವರಿಗೆ ಅಗ್ಗದ ದರ ಸಿಗದಿರಲಿ ಅನ್ನುವುದು ವಿಮಾನ ಕಂಪನಿಯ ಲೆಕ್ಕ. ನೇರ ವಿಮಾನಕ್ಕಿಂತ ಒಂದು ನಿಲ್ದಾಣ ಬಳಸಿ ಹೋಗುವುದು ಅಗ್ಗ. ಬೆಂಗಳೂರು, ಹೈದರಾಬಾದ್ ಎರಡರಿಂದಲೂ ಹುಡುಕಿ, ಜೊತೆಗೆ ಚೆನ್ನೈ, ಮುಂಬೈ ಕೂಡ. ಒಂದೇ ವಿಮಾನ, ಒಂದೇ ವಾರ, ದರ ಮಾತ್ರ ಬೇರೆ ಬೇರೆ ಇರುತ್ತದೆ.

ಕೊಲಂಬೋದಿಂದ ಹೊರಡುವ ಬಿಸಿನೆಸ್ ಟಿಕೆಟ್‌ಗಳು ಭಾರತದಿಂದ ಹೊರಡುವುದಕ್ಕಿಂತ ಅಗ್ಗವಾಗಿ ಸಿಗುವುದುಂಟು. ಈ ಆಟ ಆಡುವವರಲ್ಲಿ ಅದು ಹಳೆಯ ಉಪಾಯ. ಆದರೆ ಕೊಲಂಬೋವರೆಗಿನ ಟಿಕೆಟ್, ಅಲ್ಲಿ ಒಂದು ರಾತ್ರಿ, ಶ್ರೀಲಂಕಾದ ಪ್ರವೇಶ ಅನುಮತಿ, ವಿದೇಶಿ ಹಣದಲ್ಲಿ ಪಾವತಿಸಿದ್ದಕ್ಕೆ ಕಾರ್ಡ್ ಹಾಕುವ 2ರಿಂದ 3.5 ಪ್ರತಿಶತ ಶುಲ್ಕ, ಎಲ್ಲ ಕೂಡಿಸಿ ನೋಡಿ. ಬಳ್ಳಾರಿಯಿಂದ ಹೊರಡುವವರಿಗೆ ಅದು ಮೂರು ಊರು ದಾಟಿದ ಮೇಲೆ ಶುರುವಾಗುವ ಪ್ರಯಾಣ. ಬಹಳ ದೊಡ್ಡ ಅಂತರ ಇಲ್ಲದಿದ್ದರೆ ಬಿಟ್ಟುಬಿಡಿ.

ತೆರಿಗೆ ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ಎಕಾನಮಿ ಬಿಟ್ಟು ಉಳಿದ ವಿಮಾನ ಟಿಕೆಟ್‌ಗಳ ಜಿಎಸ್‌ಟಿ 12ರಿಂದ 18 ಪ್ರತಿಶತಕ್ಕೆ ಏರಿದೆ. ಎಕಾನಮಿಗೆ 5 ಪ್ರತಿಶತವೇ. ವ್ಯಾಪಾರದ ಕೆಲಸಕ್ಕೇ ಹೋಗುವುದಾದರೆ ಬುಕ್ ಮಾಡುವಾಗಲೇ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿ, ಇನ್‌ಪುಟ್ ಕ್ರೆಡಿಟ್ ಬಗ್ಗೆ ನಿಮ್ಮ ಆಡಿಟರ್ ಹತ್ತಿರ ಕೇಳಿ. ಬರೀ ಅಂಕಕ್ಕಾಗಿ ಹಾರಿದ್ದನ್ನು ವ್ಯಾಪಾರದ ಖರ್ಚು ಅಂತ ತೋರಿಸುವ ಯೋಚನೆ ಬೇಡ.

ಹೆಜ್ಜೆ 7: ಬುಕ್ ಮಾಡುವಾಗ

ಕಂಪನಿಯ ಸ್ವಂತ ತಾಣದಲ್ಲೇ ಬುಕ್ ಮಾಡಿ. ಏಜೆಂಟರು ಕೊಡುವ ಗುಂಪು ದರದ ಟಿಕೆಟ್‌ಗಳಲ್ಲಿ ಅಂಕ ಬಾರದೆ ಹೋಗಬಹುದು. ಗುರುತಿನ ಏಜೆಂಟರ ಹತ್ತಿರವೇ ತಗೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಬುಕಿಂಗ್ ಕ್ಲಾಸ್ ಅಕ್ಷರ ಬರೆಸಿಕೊಳ್ಳಿ. ‘ಅಣ್ಣಾ, ಬಿಸಿನೆಸ್ಸೇ ಇದು, ಚಿಂತಿ ಮಾಡಬೇಡ್ರಿ’ ಅಂದರೆ ಸಾಲದು.

ಹೆಸರಿನ ವಿಷಯ ನಮ್ಮವರಿಗೆ ದೊಡ್ಡ ತಲೆನೋವು. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಸರ್‌ನೇಮ್ ಜಾಗದಲ್ಲಿ, ಕೆಲವರಿಗೆ ಸರ್‌ನೇಮೇ ಖಾಲಿ. ಸದಸ್ಯತ್ವ ಖಾತೆ ತೆರೆಯುವಾಗ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಅದೇ ಥರ ಹಾಕಿ. ಖಾತೆಯ ಹೆಸರು, ಟಿಕೆಟ್ ಹೆಸರು ಹೊಂದದಿದ್ದರೆ ಅಂಕ ತಾನಾಗಿ ಬೀಳುವುದಿಲ್ಲ. ಆಮೇಲೆ ಮೇಲ್ ಬರೆಯುತ್ತಾ ಕೂರಬೇಕು.

ಸದಸ್ಯತ್ವ ಸಂಖ್ಯೆಯನ್ನು ಬುಕ್ ಮಾಡುವಾಗಲೇ ಹಾಕಿ. ಬೇರೆ ಕಂಪನಿಯ ಸಂಖ್ಯೆ ಮೊದಲೇ ಕೂತಿದ್ದರೆ ಚೆಕ್ ಇನ್‌ನಲ್ಲಿ ಬದಲಾಯಿಸಿ, ಬೋರ್ಡಿಂಗ್ ಪಾಸ್‌ನಲ್ಲಿ ಸರಿಯಾದದ್ದು ಅಚ್ಚಾಗಿದೆಯೇ ನೋಡಿ. ಒಂದು ಪ್ರಯಾಣದ ಅಂಕ ಒಂದೇ ಖಾತೆಗೆ.

ಹೆಜ್ಜೆ 8: ಊರಿನಿಂದ ನಿಲ್ದಾಣಕ್ಕೆ

ಬೆಂಗಳೂರಿನವರಿಗೆ ಇಲ್ಲದ ಖರ್ಚು ನಮಗಿದೆ. ಬಳ್ಳಾರಿಯಿಂದ ಕಾರಿನಲ್ಲಿ ಹೋಗುವವರು ಉರವಕೊಂಡ, ಅನಂತಪುರದ ಮೇಲೆ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ದೇವನಹಳ್ಳಿಗೇ ಬರುತ್ತೀರಿ. ಬೆಂಗಳೂರು ಪೇಟೆಯ ಟ್ರಾಫಿಕ್ ಮುಟ್ಟುವುದೇ ಇಲ್ಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ಬೆಳಗ್ಗೆ ಊರೊಳಗಿನಿಂದ ಮತ್ತೆ ನಿಲ್ದಾಣಕ್ಕೆ ಹೋಗಬೇಕು, ಬೆಳಗಿನ ವಿಮಾನಕ್ಕೆ ಅದು ಆಗದ ಮಾತು. ರಾಯಚೂರಿನವರಿಗೆ ಹೈದರಾಬಾದೇ ಸರಿ. ಶಕ್ತಿನಗರ, ಮಕ್ತಲ್, ಮಹಬೂಬ್‌ನಗರ ದಾಟಿ ಹೋದರೆ ಪೇಟೆ ಹೊಗುವ ಮೊದಲೇ ಶಂಷಾಬಾದ್ ನಿಲ್ದಾಣ ಸಿಗುತ್ತದೆ. ಕೊಪ್ಪಳದವರು ಗದಗದ ಮೇಲೆ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಹಾರಬಹುದು. ವಿದ್ಯಾನಗರದಿಂದ ವಿಮಾನ ಇರುವ ದಿನಗಳಲ್ಲಿ ಹೊಸಪೇಟೆ, ಸಂಡೂರು ಕಡೆಯವರಿಗೆ ಅದು ಅನುಕೂಲ, ಆದರೆ ವೇಳಾಪಟ್ಟಿ ಬದಲಾಗುತ್ತಿರುತ್ತದೆ.

ಹುಬ್ಬಳ್ಳಿ ಅಥವಾ ವಿದ್ಯಾನಗರದ ಟಿಕೆಟ್ ಬೇರೆ, ವಿದೇಶದ ಟಿಕೆಟ್ ಬೇರೆ ಆಗಿದ್ದರೆ ಎಚ್ಚರ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಅದರ ಹೊಣೆ ಇಲ್ಲ. ಮೊದಲ ಹಾರಾಟಕ್ಕೇ ಬಾರದಿದ್ದರೆ ಟಿಕೆಟ್‌ನ ಉಳಿದ ಹಾರಾಟಗಳೂ ರದ್ದಾಗುತ್ತವೆ. ಲಗೇಜ್ ಕೂಡ ಬೆಂಗಳೂರಿನಲ್ಲಿ ತಗೊಂಡು ಮತ್ತೆ ಕೊಡಬೇಕು. ಹಾಗಾಗಿ ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಉಳಿಯಿರಿ. ಈ ರೂಮಿನ ಬಾಡಿಗೆ, ಕಾರಿನ ಡೀಸೆಲ್, ಟೋಲ್ ಎಲ್ಲವನ್ನೂ ಐದನೇ ಹೆಜ್ಜೆಯ ಲೆಕ್ಕಕ್ಕೆ ಸೇರಿಸಿ ಮತ್ತೊಮ್ಮೆ ಭಾಗಿಸಿ. ಹನ್ನೆರಡು ರೂಪಾಯಿ ಹದಿಮೂರು ದಾಟಬಹುದು.

ಅಂಕಕ್ಕಾಗಿ ಹೋದ ವಿಮಾನದಲ್ಲೇ ತಿರುಗಿ ಬರುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ವಿಮಾನ ತಡವಾದರೆ ವಾಪಸ್ ಹಾರಾಟ ತಪ್ಪುತ್ತದೆ, ಇಮಿಗ್ರೇಶನ್‌ನಲ್ಲಿ ಪ್ರಶ್ನೆ ಬರುತ್ತದೆ. ಸಿಂಗಪುರ, ಜಪಾನ್ ಎರಡಕ್ಕೂ ನಮಗೆ ವೀಸಾ ಬೇಕು. ಹೇಗೂ ವೀಸಾ ಮಾಡಿಸುತ್ತೀರಿ, ಎರಡು ದಿನ ಊರು ನೋಡಿ ಬನ್ನಿ.

ಹೆಜ್ಜೆ 9: ಹಾರಿ ಬಂದ ಮೇಲೆ

ಬೋರ್ಡಿಂಗ್ ಪಾಸ್ ಎಸೆಯಬೇಡಿ. ಮೊಬೈಲ್‌ನಲ್ಲಿದ್ದರೆ ಫೋಟೋ ತೆಗೆದಿಡಿ. ಒಂದು ವಾರ, ಹತ್ತು ದಿನದಲ್ಲಿ ಅಂಕ ಖಾತೆಗೆ ಬರದಿದ್ದರೆ ಕಂಪನಿಯ ತಾಣದಲ್ಲಿ ಬಿಟ್ಟುಹೋದ ಅಂಕ ಕೇಳುವ ಅರ್ಜಿ ಇರುತ್ತದೆ. ಅಲ್ಲಿ ಟಿಕೆಟ್ ಸಂಖ್ಯೆ ಕೇಳುತ್ತಾರೆ. ಅದು ಹದಿಮೂರು ಅಂಕಿಯದು, ಆರು ಅಕ್ಷರದ ಪಿಎನ್‌ಆರ್ ಅಲ್ಲ. ಕೂಟದ ಬೇರೆ ಕಂಪನಿಯಲ್ಲಿ ಹಾರಿದ್ದರೆ ಅಂಕ ಬರುವುದು ಇನ್ನೂ ತಡ. ಅರ್ಜಿಗೂ ಕೊನೆಯ ದಿನ ಇರುತ್ತದೆ, ತಿಂಗಳುಗಟ್ಟಲೆ ಬಿಡಬೇಡಿ.

ಗೋಲ್ಡ್ ಬಂದ ಮೇಲೆ ಅದು ಎಂದಿನವರೆಗೆ ಅನ್ನುವುದನ್ನು ಬರೆದಿಡಿ. ಬೇರೆ ಕಂಪನಿಗಳು ಆಗಾಗ ಸ್ಟೇಟಸ್ ಮ್ಯಾಚ್ ಕೊಡುತ್ತವೆ, ಅಂದರೆ ಒಬ್ಬರ ಗೋಲ್ಡ್ ತೋರಿಸಿದರೆ ಇನ್ನೊಬ್ಬರು ಕೆಲವು ತಿಂಗಳಿಗೆ ತಮ್ಮ ಗೋಲ್ಡ್ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಕಂಪನಿಯಲ್ಲಿ ಇದನ್ನು ಪದೇಪದೇ ಕೇಳಲು ಆಗುವುದಿಲ್ಲ. ಆ ಕಂಪನಿಯಲ್ಲಿ ನಿಜವಾಗಿ ಓಡಾಟ ಇರುವ ವರ್ಷ ನೋಡಿ ಕೇಳಿ. ಮುಂದಿನ ವರ್ಷ ಓಡಾಟ ಕಡಿಮೆ ಅಂತ ಗೊತ್ತಿದ್ದರೆ ದರ್ಜೆ ಉಳಿಸಿಕೊಳ್ಳಲು ಮತ್ತೆ ಟಿಕೆಟ್ ಕೊಳ್ಳಬೇಡಿ. ಹೋದರೆ ಹೋಗಲಿ. ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಮನೆಮಂದಿಯ ದೊಡ್ಡ ಪ್ರವಾಸ ಇದ್ದರೆ ಗೋಲ್ಡ್ ಮುಗಿಯುವ ತಾರೀಖಿನ ಒಳಗೆ ಇಟ್ಟುಕೊಳ್ಳಿ, ಹೆಚ್ಚುವರಿ ಪೆಟ್ಟಿಗೆ ಆಗಲೇ ಬೇಕಾಗುವುದು.